ಚಕ್ರದಡಿಯ ಕಲ್ಲು

ನೀರು ಚಿಮುಕಿಸಿದರೆ ಫುಟ್‌ಪಾತಿನ ಕಲ್ಲುಗಳು ತಮ್ಮ ಮೇಲೆ ನಡೆದವರ ಹೆಜ್ಜೆಸದ್ದನ್ನೂ ಮಾತನ್ನೂ ಮತ್ತೆ ಕೇಳಿಸುತ್ತಿದ್ದವು. ಶಿಶುವಿಹಾರದ ಆಯಾ ಚೌಡಮ್ಮ ದಿನಾ ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕುವಾಗ ಎಂದೋ ದೊಡ್ಡವರಾದ ಮಕ್ಕಳು ಚಿಕ್ಕಂದಿನಲ್ಲಿ ಚಪ್ಪಲಿ ಎಳೆಯುತ್ತ ಹೋದ ಸದ್ದು ಕೇಳುತ್ತಿತ್ತು. ಗಾಡಿ ನಿಂತ ಕಲ್ಲಿನಲ್ಲಿ ಮಾತ್ರ ಹಳೆಯ ಸದ್ದೆಲ್ಲ ಅಳಿಸಿಹೋಗುತ್ತಿತ್ತು.

ಅಂದೂ ಧನಪಾಲ ಮಗಳನ್ನು ಇಳಿಸಲು ಕಾರನ್ನು ಫುಟ್‌ಪಾತಿಗೇ ಹತ್ತಿಸಿದ.

"ಎರಡೇ ನಿಮಿಷ, ಚೌಡಕ್ಕ."

"ತಿಂಗಳಿಂದ ಅದೇ ಎರಡು ನಿಮಿಷ. ಮಕ್ಕಳು ರೋಡಿಗಿಳಿದು ಬರ್ತಾವೆ. ನಿಮ್ಮಮ್ಮ ನಿನ್ನ ಇದೇ ಕಲ್ಲಿನ ಮೇಲೆ ಎಳ್ಕೊಂಡು ಬರ್ತಿದ್ರು, ಗೊತ್ತಾ?"

ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಧನಪಾಲ ಕಾರನ್ನು ಹಿಂದಕ್ಕೆ ತೆಗೆದು ಇಳಿದು ಬಂದ. ಚೌಡಮ್ಮ ನೀರು ಚಿಮುಕಿಸಿದಳು.

"ಅಳ್ಬೇಡ ಕಣೋ," ಎಂದಿತು ಅಮ್ಮನ ದನಿ. "ಬಿಡೋ ಹೊತ್ತಿಗೆ ಇಲ್ಲೇ ನಿಂತಿರ್ತೀನಿ. ನಿಂಗೆ..."

ದನಿ ಕಲ್ಲಿನಿಂದ ಕಲ್ಲಿಗೆ ಸಾಗಿ, ಕಾರಿನ ಚಕ್ರ ನಿಂತಿದ್ದ ಕಲ್ಲಿಗೆ ಬಂದಿತ್ತು. ಅಲ್ಲಿಗೆ ಮಾತು ನಿಂತಿತು.

"ನಂಗೆ ಏನು, ಚೌಡಕ್ಕ?"

"ಏನೋ ತಿಂಡಿ ಹೆಸರು. ದಿನಾ ಕೇಳ್ತಿದ್ದೆ, ನೆನಪಿಟ್ಕೋಬೇಕು ಅನ್ನಿಸ್ಲಿಲ್ಲ."

ಧನಪಾಲ ಕಾರನ್ನು ದೂರದ ಮೈದಾನದಲ್ಲಿ ಬಿಟ್ಟು ಮಗಳನ್ನು ನಡೆಸಿಕೊಂಡು ಬಂದ. ಸದ್ದಳಿದು ಖಾಲಿಯಾದ ಆ ಕಲ್ಲಿನ ಮೇಲೆ ನಿಂತು, ಸಂಜೆ ಅವಳಿಗೆ ಕಡಲೆಮಿಠಾಯಿ ತರುತ್ತೇನೆಂದು ಬಿಡಿಸಿ ಬಿಡಿಸಿ ಹೇಳಿದ.