ಮೇಷ್ಟ್ರ ಗುಂಡಿ

ಜೀಪು ಗುಂಡಿಯೊಳಕ್ಕೆ ಮೂತಿ ಇಳಿಸಿತು, ಹಿಂದಿನ ಚಕ್ರಗಳನ್ನು ಗಾಳಿಗೆತ್ತಿ ಗುರುಗುಟ್ಟಿತು, ಆಮೇಲೆ ಕೆಸರು ಕಾರಿಕೊಂಡು ಆಚೆ ದಡಕ್ಕೆ ಹತ್ತಿಬಿಟ್ಟಿತು. ಒಳಗಿದ್ದವರೆಲ್ಲ ಹೋ ಎಂದು ಕೂಗಿದರು. ಬೇಲಿಯ ಬಳಿ ನಿಂತಿದ್ದ ನಿವೃತ್ತ ಹೆಡ್‌ಮಾಸ್ತರರ ಮುಖ ಮಾತ್ರ ಇಂಗು ತಿಂದ ಮಂಗನಂತಾಯಿತು. ಜೀಪು ಬರಬಾರದೆಂದೇ ಆ ಗುಂಡಿ ತೋಡಿಸಿದವರು ಅವರು. ಪಂಚೆಯ ತುಂಬ ಈಗ ಅದೇ ಗುಂಡಿಯ ಕೆಸರು.

"ಏನ್ ಗುಂಡಿ ಸಾರ್ ಇದು! ಕೈ ಮುಗೀಬೇಕು ನಿಮಗೆ." ಹೀಗೆಂದು ಜೀಪಿನಿಂದ ಇಳಿದವನು ಊರಿನ ಹಲ್ಲಿನ ಡಾಕ್ಟರು, ಜೀಪು ಸಂಘದ ಅಧ್ಯಕ್ಷ. ವಾರವೆಲ್ಲ ಜನರ ಹಲ್ಲಿನ ತೂತು ಮುಚ್ಚಿ, ಭಾನುವಾರ ಬಂತೆಂದರೆ ನೆಲದ ತೂತು ಹುಡುಕಿಕೊಂಡು ಹೊರಡುವ ಪ್ರಾಣಿ. "ಹೋದ ಸಲ ಬಂಡೆ ಉರುಳಿಸಿದ್ರಲ್ಲ, ಅದೂ ಚೆನ್ನಾಗಿತ್ತು. ಇದರ ಮುಂದೆ ಅದು ಏನೂ ಅಲ್ಲ ಬಿಡಿ. ಮೊಬೈಲ್ ಮ್ಯಾಪಲ್ಲಿ 'ಮೇಷ್ಟ್ರ ಗುಂಡಿ' ಅಂತ ಹೆಸರು ಹಾಕಿದೀವಿ. ಮುಂದಿನ ವಾರ ಪಕ್ಕದೂರಿನ ಸಂಘದವರೂ ಬರ್ತಾರಂತೆ!"

"ರೀ ಸ್ವಾಮಿ, ಇದು ನನ್ನ ಜಮೀನು!"

"ನಿಮ್ದೇ ಸಾರ್, ಯಾರು ಅಲ್ಲ ಅಂದ್ರು? ದಾರಿ ಮಾತ್ರ ಎಲ್ಲಾರ್ದು," ಎಂದು ಡಾಕ್ಟರು ಅಷ್ಟೂ ಹಲ್ಲು ತೋರಿಸಿ ನಕ್ಕ.

ಜೀವಮಾನವಿಡೀ ಮಕ್ಕಳ ಗದ್ದಲ ಕೇಳಿದ ಕಿವಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ಮೇಷ್ಟ್ರು ಗುಡ್ಡದ ಮೇಲೆ ಜಾಗ ಕೊಂಡಿದ್ದರು. ಕೊಳ್ಳುವಾಗ ಬಾವಿ ಇಣುಕಿದರು, ಮರಗಳನ್ನು ತಟ್ಟಿ ನೋಡಿದರು. ಅಂಗಳಕ್ಕೆ ಅಂಟಿಕೊಂಡೇ ಗುಡ್ಡದ ನೆತ್ತಿಗೆ ಹತ್ತುವ ಹಳೇ ಗಾಡಿದಾರಿಯನ್ನು ಮಾತ್ರ ವಿಚಾರಿಸಲಿಲ್ಲ. ಜೀಪುಗಳು ಬರತೊಡಗಿದ ಮೇಲೆ ದಾರಿಗೆ ಗೇಟು ಹಾಕಿ ಬೀಗ ಜಡಿದರು, ಸಂಘದವರು ಕೋರ್ಟಿಗೆ ಹೋಗಿ ತೆಗೆಸಿದರು. ಆಮೇಲೆ ಬಂಡೆ, ಮರದ ದಿಮ್ಮಿ, ಈಗ ಈ ಗುಂಡಿ. ಒಂದೊಂದು ಅಡ್ಡಿ ಇಟ್ಟಾಗಲೂ ಜೀಪುಗಳು ಹೆಚ್ಚುತ್ತಲೇ ಹೋದವು. ತುಂಟನನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಅವನಿಗೆ ಇನ್ನೂ ಮಜಾ ಎಂಬುದೇ ಸರ್ವೀಸು ಮುಗಿಯುವವರೆಗೆ ಹೊಳೆಯದ ಮನುಷ್ಯನಿಗೆ ಇದೆಲ್ಲಿ ಹೊಳೆಯಬೇಕು?

ಹೊಳೆದದ್ದು ಹೆಂಡತಿಗೆ. ಆಕೆ ಅಷ್ಟು ಹೊತ್ತಿಗಾಗಲೇ ಜೀಪಿನವರಿಗೆಲ್ಲ ನೀರು ಕೊಟ್ಟು, ಡಾಕ್ಟರ ಅತ್ತೆಯ ಮಂಡಿನೋವಿನವರೆಗೂ ವಿಚಾರಿಸಿಕೊಂಡು ಒಳಗೆ ಬಂದಿದ್ದರು. ವಾರಕ್ಕೊಮ್ಮೆ ಆ ಮನೆಗೆ ಬರುತ್ತಿದ್ದ ಮನುಷ್ಯರೆಂದರೆ ಅವರೇ. ಗುಡ್ಡದ ದಾರಿ ಎಂದ ಕೂಡಲೆ ಟ್ಯಾಕ್ಸಿಯವರು ಕೈ ಮುಗಿದುಬಿಡುತ್ತಿದ್ದರು; ಆಕೆಯ ಒಡಹುಟ್ಟಿದವರು ಒಂದು ಸಲ ಬಂದು, ಸೊಂಟ ಹಿಡಿದುಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ನೆಂಟರ ಕಾಟ ತಪ್ಪಿತೆಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದ್ದೂ ಉಂಟು.

"ರೀ, ದಾರಿ ಮುಚ್ಚಬೇಡಿ ಅಂತ ತಾನೇ ಕೋರ್ಟು ಹೇಳಿದ್ದು? ರಿಪೇರಿ ಮಾಡಬೇಡಿ ಅಂದಿಲ್ವಲ್ಲ," ಎಂದರು ಆಕೆ, ಪಂಚೆಯ ಕೆಸರು ಉಜ್ಜುತ್ತ. "ಗುಂಡಿ ಮುಚ್ಚಿಸಿ. ಕೆಳಗಿಂದ ಮೇಲಿನವರೆಗೂ ರೋಲರ್ ಓಡಿಸಿ ಟಾರು ಹಾಕಿಸಿಬಿಡಿ. ಅಂಗೈ ಥರ ನುಣ್ಣಗಿದ್ರೆ ಈ ಹುಚ್ಚರು ಇಲ್ಲಿಗೆ ಯಾಕೆ ಬರ್ತಾರೆ?"

ಮೇಷ್ಟ್ರು ಹೆಂಡತಿಯನ್ನೇ ನೋಡಿದರು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ! ಊಟಕ್ಕೆ ಕೂರುವಷ್ಟರಲ್ಲಿ ಅದು ಅವರದೇ ಯೋಚನೆಯಾಗಿತ್ತು. ಕೈ ತೊಳೆಯುವಾಗ ಅದನ್ನು ಹೆಂಡತಿಗೇ ವಿವರಿಸತೊಡಗಿದರು. ಆಕೆ ಮೊದಲ ಸಲ ಕೇಳುವವರಂತೆ ತಲೆಯಾಡಿಸಿದರು.

ಟಾರು ಆರುವ ಹೊತ್ತಿಗೆ ಡಾಕ್ಟರು ಪಕ್ಕದೂರಿನ ಪಟಾಲಮ್ಮನ್ನೂ ಕಟ್ಟಿಕೊಂಡು ಬಂದ. ಕಪ್ಪಗೆ ಹೊಳೆಯುವ ರಸ್ತೆ ಕಂಡು ಅವನ ಮುಖ, ಅರಿವಳಿಕೆಯಿಲ್ಲದೆ ಹಲ್ಲು ಕಿತ್ತವರ ಹಾಗಾಯಿತು.

"ಏನ್ ಸಾರ್ ಇದು? ಹಾಳು ಮಾಡಿಬಿಟ್ರಲ್ಲ! ಎಂಥಾ ದಾರಿ ಇತ್ತು!"

"ಬನ್ನಿ ಡಾಕ್ಟ್ರೇ, ಬನ್ನಿ. ಎಲ್ಲಾರ ದಾರಿ ಅಲ್ವೇ? ಎಷ್ಟು ಸಲ ಬೇಕಾದ್ರೂ ಓಡಾಡಿ."

"ಇದರ ಮೇಲೆ ನಮ್ಮತ್ತೆ ಬೇಕಾದ್ರೂ ಓಡಿಸ್ತಾರೆ, ಬಿಡಿ," ಎಂದು ಜೀಪು ತಿರುಗಿಸಿಕೊಂಡು ಹೋದವನು ಮತ್ತೆ ಬರಲಿಲ್ಲ.

ಅದರ ಮುಂದಿನ ಭಾನುವಾರ ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದರು. ಒಂದು ಹಾರ್ನಿಲ್ಲ, ಒಂದು ಕೂಗಿಲ್ಲ. ಗೆದ್ದೆ ಎಂದುಕೊಂಡರು. ಕಣ್ಣು ಬಿಟ್ಟಾಗ ಅಂಗಳದಲ್ಲಿ ಟ್ಯಾಕ್ಸಿಯೊಂದು ನಿಂತಿತ್ತು. ಅದು ಹತ್ತಿ ಬಂದದ್ದೇ ಅವರಿಗೆ ಕೇಳಿಸಿರಲಿಲ್ಲ. ಹೆಂಡತಿ ಒಳ್ಳೆಯ ಸೀರೆ ಉಟ್ಟು, ದೊಡ್ಡ ಚೀಲವನ್ನು ಡಿಕ್ಕಿಗೆ ಹಾಕಿಸುತ್ತಿದ್ದರು.

"ಎಲ್ಲಿಗೆ ಹೊರಟೆ?"

"ತಂಗಿ ಮನೆಗೆ. ಆಮೇಲೆ ಅಣ್ಣನ ಮನೆ. ಸಾರು ಮಾಡಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ."

"ಇದೇನು ಇದ್ದಕ್ಕಿದ್ದ ಹಾಗೆ? ಹೇಳೋದಲ್ವಾ?"

"ಹೇಳಿದ್ರೆ ಕೇಳಿಸ್ಕೊಳ್ತೀರಾ? ಸದ್ದು ಅಂದ್ರೇ ಆಗಲ್ಲ ಅಲ್ವಾ ನಿಮಗೆ? ನನಗೋ, ಇಲ್ಲಿಗೆ ಬಂದ ಮೇಲೆ ನಾಲಿಗೆಗೇ ತುಕ್ಕು ಹಿಡಿದಿದೆ. ಭಾನುವಾರಕ್ಕೊಂದು ಸಲ ಆ ಡಾಕ್ಟ್ರಾದ್ರೂ ಬರ್ತಿದ್ರು."

ಮೇಷ್ಟ್ರಿಗೆ ಒಮ್ಮೆಲೇ ಹೆದರಿಕೆಯಾಯಿತು. ಹಿಂದೆ ತಿರುಗಿ ಮನೆಯ ಬಾಗಿಲು ನೋಡಿದರು. ಒಳಗೆ ಪಾತ್ರೆಯ ಸದ್ದೂ ಇರಲಿಲ್ಲ. ಬರಿಗಾಲಲ್ಲೇ ಅಂಗಳಕ್ಕಿಳಿದು, ಅಷ್ಟರಲ್ಲಿ ಹೆಂಡತಿ ಹತ್ತಿದ್ದ ಕಾರಿನ ಕಿಟಕಿ ಹಿಡಿದುಕೊಂಡರು.

"ಮತ್ತೆ... ಬರೋದು ಯಾವಾಗ?"

ಆಕೆ ಸೆರಗು ಸರಿಮಾಡಿಕೊಂಡು ಸೀಟಿಗೆ ಒರಗಿ ಕೂತರು.

"ಅದಕ್ಕೇನು? ದಾರಿ ಚೆನ್ನಾಗಿದೆಯಲ್ಲ ರೀ, ಯಾವಾಗ ಬೇಕಾದ್ರೂ ಬರಬಹುದು."