ಲಾರಿಯೊಳಗಿನ ಪೌಡರು

ನರಸಮ್ಮ ಯಾರೂ ಕರೆಯದೆ ಲಾರಿ ಹತ್ತಿ ಬಂದಿದ್ದಳು. ಗಂಡನ ಮೇಲೆ ಕಣ್ಣಿಡಲೆಂದೇ.

ಹೊಸಕೋಟೆ ಬೈಪಾಸಿನ ಪಕ್ಕದ ಏಸಿ ರಿಪೇರಿ ಶೆಡ್ಡಿನಲ್ಲಿ ಹಳೆಯ ಟ್ರೈಲರ್ ಲಾರಿ ನಿಂತಿತ್ತು. ಏಸಿ ಗಾಳಿ ಮೈಗೆ ಆಗುವುದಿಲ್ಲವೆಂದು ವರ್ಷಗಟ್ಟಲೆ ಕಿಟಕಿ ತೆರೆದೇ ಓಡಿಸಿದ ಗಂಡ ಗೋವಿಂದರಾಜುವಿಗೆ ಈಗ ಅದರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ. ಏಸಿ ಹಾಕಿದರೆ ಕೊಳೆತ ವಾಸನೆ ಬರುತ್ತದಂತೆ. ಹಾಗಿದ್ದರೆ ಹಾಕಬೇಡ ಎಂದರೆ, ಇಲ್ಲ, ತೊಳೆಸಲೇಬೇಕಂತೆ. ಯಾರಿಗೋ ತಂಪು ಬೇಕಾಗಿದೆ, ನರಸಮ್ಮನಿಗೆ ಅಷ್ಟು ತಿಳಿಯದೆ?

"ಚೆನ್ನಾಗಿ ತೊಳೀಪ್ಪಾ ಮಂಜೇಶ್," ಎಂದ ಗೋವಿಂದರಾಜು ಮೆಕ್ಯಾನಿಕ್‌ಗೆ. "ಕೆಮ್ಮು ಜಾಸ್ತಿ ಆಗ್ತಾ ಅದೆ."

"ಯಾರ್ಗೆ ಕೆಮ್ಮು?" ನರಸಮ್ಮ ಥಟ್ಟನೆ ಕೇಳಿದಳು. ಗಂಡ ಕೆಮ್ಮಿದ್ದನ್ನು ಅವಳು ಈಚೆಗೆ ಕಂಡಿರಲಿಲ್ಲ.

ಅವನು ಟೈರಿಗೊಮ್ಮೆ ಒದ್ದು ಆಚೆ ಹೋದ.

ಮಗಳು ಕೀರ್ತನ ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡು ಹೋದ ಮೇಲೆ ಆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಅವಳ ಹೆಸರೆತ್ತಕೂಡದೆಂದು ನರಸಮ್ಮ ಗಂಡನ ಕೈಯನ್ನು ತನ್ನ ತಲೆಯ ಮೇಲಿಟ್ಟು ಆಣೆ ಹಾಕಿಸಿದ್ದಳು. ಅಂದಿನಿಂದ ಅವನದು ಉಣ್ಣುವುದು, ಮಲಗುವುದು, ಲಾರಿ ಹತ್ತುವುದು ಅಷ್ಟೆ. ಮಗಳ ಕೊರಗು ಅಂದುಕೊಂಡಿದ್ದಳು. ಆದರೆ ಈಚೆಗೆ ಒಬ್ಬನೇ ಕೂತು ನಗುತ್ತಾನೆ! ಹತ್ತಿರದ ವಿಜಯಪುರದಲ್ಲಿ ಅವನ ಲಾರಿಯಿಂದ ಮುಖ ಮುಚ್ಚಿಕೊಂಡ ಹೆಂಗಸೊಬ್ಬಳು ಇಳಿದಳೆಂದು ಪಕ್ಕದ ಮನೆಯ ಮುತ್ಯಾಲಮ್ಮ ಬೇರೆ ಕಿವಿ ಊದಿದ್ದಳು.

ಮಂಜೇಶ್ ಡ್ಯಾಶ್‌ಬೋರ್ಡ್ ಬಿಚ್ಚಿ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಟಾರ್ಚ್ ಬಿಟ್ಟ. ತೆಳು ತಗಡುಗಳ ಸಂದಿನಲ್ಲಿ ಗಾಳಿ ನುಸುಳಲೂ ಜಾಗವಿರಲಿಲ್ಲ. ಬ್ರಷ್ ಹಾಕಿ ಎಳೆದ. ಧೂಳಿನ ಜೊತೆ ಉದ್ದುದ್ದ ಕೂದಲು ಬಂತು. ಅದರ ಹಿಂದೆಯೇ ನಾದಿದ ಹಿಟ್ಟಿನಂತಹ ಬಿಳಿ ಮುದ್ದೆ.

"ಕ್ಯಾಬಿನ್ ಒಳಗಿನ ಗಾಳೀನೇ ಎಳ್ಕೊಳ್ಳೋದಕ್ಕ ಇದು. ಒಳಗೇನಿರ್ತದೋ ಅದೇ ಬಂದು ಅಂಟ್ಕೊಳ್ತದೆ," ಎಂದು ಮಂಜೇಶ್ ನಕ್ಕ. "ಲಾರೀಲಿ ಬೀಡಿ ಮಸಿ ಸಿಗ್ತದೆ. ಪೌಡ್ರು ಇದೇ ಮೊದ್ಲು ಕಂಡಿದ್ದು."

ನರಸಮ್ಮನ ಮುಖ ನೋಡಿದವನೇ ನಗು ನುಂಗಿಕೊಂಡು ಪಂಪಿನ ಕಡೆ ಸರಿದ.

ಅವಳು ಆ ಬಿಳಿಯನ್ನು ಬೆರಳಲ್ಲಿ ಉಜ್ಜಿ ಮೂಸಿದಳು. ಕೊಳೆತ ವಾಸನೆಯ ಅಡಿಯಲ್ಲಿ ಸಣ್ಣ ಪರಿಮಳ. ಎಲ್ಲೋ ಮೂಸಿದ ನೆನಪು. ಎಲ್ಲೆಂದು ಯೋಚಿಸುವ ತಾಳ್ಮೆ ಅವಳಿಗಿರಲಿಲ್ಲ.

"ರೀ, ಯಾರ್ದಿದು ಪೌಡ್ರು?"

"ಯಾರ್ದಾದ್ರೆ ನಿಂಗೇನು?" ಅವನೂ ಸಿಡುಕಿದ. ಬಹಳ ದಿನದಿಂದ ಒಳಗಿಟ್ಟುಕೊಂಡ ಸಿಟ್ಟು ಅದು. "ನಿನ್ ಮನೇಗಂತೂ ಕರ್ಕೊಂಡ್ ಬಂದಿಲ್ವಲ್ಲ."

ಅಷ್ಟು ಸಾಕಾಯಿತು, ಬಹುವಚನ ಹಾರಿಹೋಯಿತು. "ತಾಳಿ ಕಟ್ಟಿಸ್ಕೊಂಡೋಳು ನಾನು! ಈ ಗಾಡೀಲಿ ಕೂರುಸ್ಕೊಂಡ್ ತಿರುಗ್ತೀಯಾ ಅವ್ಳನ್ನ?"

"ಹೂಂ, ತಿರುಗ್ತೀನಿ."

"ಇಲ್ಲೇ ಮಲಗ್ತಾಳಾ?"

"ನನ್ನ ಎದೆ ಮೇಲೇ ಮಲಗ್ತಾಳೆ. ಏನೀಗ?"

ಪಂಪಿನ ಸದ್ದು ನಿಂತಿತು. ಮಂಜೇಶ್ ಪೈಪು ಹಿಡಿದುಕೊಂಡು ನೆಲ ನೋಡುತ್ತಿದ್ದ. ಪರರ ಮುಂದೆ ಇಷ್ಟು ಅವಮಾನವನ್ನು ನರಸಮ್ಮ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮಗಳು ಹೋದಾಗಲೂ ಇಷ್ಟು ನೊಂದಿರಲಿಲ್ಲ. ಅವಳ ಕೈ ತಾನಾಗಿಯೇ ಕೊರಳಿಗೆ ಹೋಯಿತು.

"ಇದನ್ನ ಬಿಚ್ಚಿ ನಿನ್ ಸ್ಟಿಯರಿಂಗಿಗೇ ಕಟ್ಟಿ ಬೂದಿಗೆರೆಗೆ, ನಮ್ಮಣ್ಣನ ಮನೇಗೆ ಹೋಗ್ತೀನಿ. ಇವತ್ತಿಗೆ ನಿನ್ ಋಣ ತೀರ್ತು. ಅದಕ್ ಮುಂಚೆ ಆ ಹಾಳಾದೋಳು ಯಾರು ಅಂತ ಬೊಗಳು."

"ಬಯ್ಬೇಡ ಅವ್ಳನ್ನ," ಎಂದ ಗೋವಿಂದರಾಜು. "ಆಮೇಲೆ ನೀನೇ ಅಳ್ತೀಯ."

"ಹೆಸ್ರು ಹೇಳೋ!"

"ನರಸಮ್ಮ. ಕೀರ್ತನ ನಿನ್ ಹೆಸ್ರೇ ಇಟ್ಟವ್ಳೆ. ಮೊನ್ನೆ ತಾನೇ ಎರಡು ಹಲ್ಲು ಬಂದವೆ."