ಗ್ಲೆನ್ ನೋಡಿ ಬಂದ ಶಾಂಘೈ

“ಶಾಂಘೈಯಲ್ಲಿ ಮೊದಲ ದಿನ ಎಂತ ನೋಡಿದ್ದು?” ಎಂದು ಕಾರ್ಮೆಲ್ ಕೇಳಿಯೇಬಿಟ್ಟರು. ಗ್ಲೆನ್‌ನ ಬಾಯಲ್ಲಿದ್ದ ಅಂಜಲ್ ಮೀನು ಗಂಟಲಲ್ಲೇ ನಿಂತಿತು.

ನಿಲ್ಲದೆ ಏನು ಮಾಡೀತು? ಪುಣ್ಯಾತ್ಮ ಶಾಂಘೈಗೆ ಹೋಗಿಯೇ ಇರಲಿಲ್ಲ.

ಹೊರಟದ್ದೇನೋ ನಿಜ. ಟೂರ್ ಪ್ಯಾಕೇಜು, ವೀಸಾ, ಹೊಸ ಸೂಟ್‌ಕೇಸು ಎಲ್ಲ ಆಗಿತ್ತು. ಇಗರ್ಜಿಯ ಅಂಗಳದಲ್ಲಿ ಕಂಡಕಂಡವರಿಗೆಲ್ಲ ಶಾಂಘೈ ನೋಡಿ ಬರುತ್ತೇನೆಂದು ಸಾರಿಯೂ ಆಗಿತ್ತು. ತಾನು ದುಡಿಯುವ ಕುವೈತ್ ಬಿಟ್ಟು ಹೊರಡುವ ಮೊದಲು ಕಂಪನಿಯಿಂದ ಎಕ್ಸಿಟ್ ಪರ್ಮಿಟ್ ಹಾಕಿಸಿಕೊಳ್ಳಬೇಕೆಂಬ ಹೊಸ ನಿಯಮವೊಂದು ಮಾತ್ರ ಅವನಿಗೆ ನೆನಪಾದದ್ದು ವಿಮಾನ ನಿಲ್ದಾಣದ ಕೌಂಟರಿನ ಮುಂದೆ. ಅಂದು ರಜೆ. ಮ್ಯಾನೇಜರ್ ಫೋನ್ ಎತ್ತಲಿಲ್ಲ. ವಿಮಾನ ಇವನಿಗಾಗಿ ಕಾಯಲೂ ಇಲ್ಲ.

ಮರಳಿ ಮನೆಗೆ ಹೋದರೆ ಊರೆಲ್ಲ ನಗೆಪಾಟಲು. ಸೂಟ್‌ಕೇಸು ಎಳೆದುಕೊಂಡು ಕುವೈತಿನದೇ ಇನ್ನೊಂದು ಮೂಲೆ ಹವಲ್ಲಿಗೆ ಹೋದ. ಅಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ಬಾಸಿತನ ಕೋಣೆಯಲ್ಲಿ ವಾರವಿಡೀ ಅಡಗಿದ. ಶಾಂಘೈ ಪ್ರವಾಸದ ವೀಡಿಯೊಗಳನ್ನು ಕಣ್ಣು ಕೆಂಪಾಗುವಷ್ಟು ನೋಡಿದ. ಬೀಸಣಿಗೆ, ಚಹಾ ಬಟ್ಟಲು, ರೇಷ್ಮೆಯ ಪರ್ಸು, ಹಂಚಬೇಕಾದ ಉಡುಗೊರೆಗಳನ್ನೆಲ್ಲ ಹವಲ್ಲಿಯಲ್ಲೇ ಕೊಂಡ. ಮಾಲು ಚೀನಾದ್ದೇ ಅಲ್ಲವಾ ಭಾಯಿ, ಇದರಲ್ಲಿ ಸುಳ್ಳೆಂತ ಬಂತು ಎಂದು ಬಾಸಿತ್ ಸಮಾಧಾನ ಹೇಳಿದ್ದ.

ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಗ್ಲೆನ್ ಪ್ರೀತಿಸಿದ ವೆಲಿಟಾ ಕಳೆದ ವಾರ ಮನೆಯಲ್ಲಿ ಪ್ರೀತಿಯ ವಿಷಯ ಬಾಯಿಬಿಟ್ಟಳು. ಶಾಂಘೈ ಬಗ್ಗೆ ಅವಳಿಗೂ ಅವನು ನಿಜ ಹೇಳಿರಲಿಲ್ಲ. ಅವಳ ತಾಯಿ ಕಾರ್ಮೆಲ್ ಆಸ್ಪತ್ರೆಯಲ್ಲಿ ನರ್ಸ್. ರೋಗಿ ಮಾತ್ರೆ ನುಂಗಿದನೋ ದಿಂಬಿನಡಿ ತುರುಕಿದನೋ ಮುಖ ನೋಡಿಯೇ ಹೇಳುವವರು. ವೆಲಿಟಾಳನ್ನು ನೋಡಲು ಬಂದಿದ್ದ ಹಿಂದಿನ ಹುಡುಗ ಹುದ್ದೆಯ ಬಗ್ಗೆ ಸ್ವಲ್ಪ ಉಬ್ಬಿಸಿ ಹೇಳಿದನೆಂದು ಪಾಯಸಕ್ಕೂ ಮೊದಲೇ ಬಾಗಿಲು ತೋರಿಸಿದ್ದರು. ತಂದೆ ಮಥಾಯಸ್ ಹಿಂದೆ ಸರಕು ಹಡಗಿನಲ್ಲಿ ಅಡುಗೆಯ ಮುಖ್ಯಸ್ಥರಾಗಿದ್ದವರು. ಪಪ್ಪಾ ಶಾಂಘೈಗೆ ಒಂಬತ್ತು ಸಲ ಹೋಗಿದ್ದಾರೆ, ನಿಮಗಿಬ್ಬರಿಗೆ ಮಾತಾಡಲು ವಿಷಯ ಸಿಕ್ಕಿತು ಎಂದು ವೆಲಿಟಾ ಸಂಭ್ರಮಪಟ್ಟಾಗ ಗ್ಲೆನ್ ವೀಡಿಯೊಗಳನ್ನೆಲ್ಲ ಮತ್ತೊಮ್ಮೆ ತೆರೆದು ಕೂತಿದ್ದ.

ಹೀಗೆ ರಜೆಯ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಸಾಲ್ಮಿಯಾದಲ್ಲಿ ವೆಲಿಟಾಳ ಮನೆಯವರ ಈ ಫ್ಲ್ಯಾಟಿನ ಊಟದ ಮೇಜಿಗೆ ಬಂದು ಸಿಕ್ಕಿಬಿದ್ದಿದ್ದ.

“ನದಿ ದಂಡೆಗೆ ಹೋದೆ ಆಂಟಿ,” ಎಂದ. ವೀಡಿಯೊಗಳು ಕೈಬಿಡಲಿಲ್ಲ. ದಂಡೆಯ ಹಳೆಯ ಕಟ್ಟಡಗಳು, ಆಚೆ ದಡದ ಗೋಪುರ, ರಾತ್ರಿಯ ದೀಪಗಳು, ಒಂದೊಂದೂ ಸರಾಗವಾಗಿ ಬಂದವು. ವೆಲಿಟಾ ಹೆಮ್ಮೆಯಿಂದ ನೋಡುತ್ತಿದ್ದಳು. ಮಥಾಯಸ್ ಮಾತ್ರ ಗ್ಲೆನ್‌ನ ಬಾಯಿಯನ್ನೇ ನೋಡುತ್ತಿದ್ದರು. ಪರೀಕ್ಷೆ ಮಾಡುತ್ತಿದ್ದಾರೆ ಮುದುಕ ಎಂದುಕೊಂಡ ಗ್ಲೆನ್.

ಕಾರ್ಮೆಲ್ ಕುರ್ಚಿ ಮುಂದಕ್ಕೆಳೆದರು. ಗಂಡ ಮೂವತ್ತು ವರ್ಷಗಳಿಂದ ಶಾಂಘೈ ಕಥೆ ಹೇಳುತ್ತಲೇ ಇದ್ದಾರೆ, ಸರಿಯೋ ತಪ್ಪೋ ಕೇಳೋಣವೆಂದರೆ ಅಲ್ಲಿಗೆ ಹೋದ ಒಬ್ಬರೂ ಸಿಕ್ಕಿರಲಿಲ್ಲ ಎಂದರು.

“ಹುಡುಗ ಊಟ ಮಾಡಲಿ ಕಾರ್ಮೆಲ್,” ಎಂದು ಮಥಾಯಸ್ ಇನ್ನೊಂದು ತುಂಡು ಮೀನು ಬಡಿಸಿದರು. “ಮಾತು ಆಮೇಲೂ ಆಡಬಹುದು.”

“ಆಮೇಲೆ ಯಾಕೆ? ಗ್ಲೆನ್, ಆ ದೊಡ್ಡ ಗಡಿಯಾರದ ಕಟ್ಟಡದ ಹಿಂದೆ ಒಂದು ಗಲ್ಲಿ ಉಂಟಂತೆ. ಅಲ್ಲೊಬ್ಬ ಒಕ್ಕಣ್ಣ ಹಬೆಯಲ್ಲಿ ಬೇಯಿಸಿದ ಬನ್ ಮಾರುತ್ತಾನಂತೆ. ನಮ್ಮವರನ್ನು ಕಂಡರೆ ಬಾಂಬೆ, ಬಾಂಬೆ ಅಂತ ಕರೆದು ಒಂದು ಬನ್ ಜಾಸ್ತಿ ಕೊಡುತ್ತಾನಂತೆ. ಹೌದಾ?”

ಯಾವ ವೀಡಿಯೊದಲ್ಲೂ ಒಕ್ಕಣ್ಣನಿರಲಿಲ್ಲ. ಗ್ಲೆನ್ ಮಥಾಯಸರತ್ತ ನೋಡಿದ. ಅವರ ಕೈಯ ಚಮಚ ಗಾಳಿಯಲ್ಲೇ ನಿಂತಿತ್ತು. ಇಲ್ಲವೆಂದರೆ ಹೆಣ್ಣು ಕೊಡುವ ಮಾವನ ಮಾತನ್ನೇ ಸುಳ್ಳು ಮಾಡಿದಂತೆ. ಹೌದೆನ್ನುವುದೇ ಕ್ಷೇಮ. ಹೌದೆಂದ ಮೇಲೆ ಅರ್ಧಕ್ಕೆ ಯಾಕೆ ನಿಲ್ಲಿಸಬೇಕು?

“ಅವನು ಈಗಿಲ್ಲ ಆಂಟಿ, ತೀರಿಹೋದ. ಈಗ ಅಂಗಡಿ ಮಗನದ್ದು. ಗೋಡೆಯ ಮೇಲೆ ಅಪ್ಪನ ಫೋಟೊ ಹಾಕಿದ್ದಾನೆ, ಒಂದೇ ಕಣ್ಣು. ನನ್ನನ್ನೂ ಬಾಂಬೆ ಅಂತಲೇ ಕರೆದ. ಬನ್ನೂ ಒಂದು ಜಾಸ್ತಿ ಕೊಟ್ಟ.”

ಕಾರ್ಮೆಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಆ ಬಡಪಾಯಿಯ ಆತ್ಮಕ್ಕೆ ಶಾಂತಿ ಸಿಗಲಿ ಎಂದರು. ಆಮೇಲೆ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು, ಕಣ್ಣಂಚು ಒದ್ದೆಯಾಗಿತ್ತು. ತಮ್ಮ ಪಾಲಿನ ಮೀನನ್ನೆತ್ತಿ ಅವರ ತಟ್ಟೆಗೆ ಹಾಕಿದರು. ಮಥಾಯಸ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

“ಗ್ಲೆನ್,” ಎಂದರು ಮಥಾಯಸ್, “ಸ್ವಲ್ಪ ಬಾಲ್ಕನಿಗೆ ಬಾ.”

ಖಲಾಸ್ ಅಂದುಕೊಂಡ ಗ್ಲೆನ್. ವೆಲಿಟಾ ಕೈತಪ್ಪಿದಳು. ಕಾಲೆಳೆಯುತ್ತಾ ಹಿಂದೆ ಹೋದ. ಮಥಾಯಸ್ ಗಾಜಿನ ಬಾಗಿಲನ್ನು ಭದ್ರವಾಗಿ ಮುಚ್ಚಿದರು. ಒಳಗೆ ಹೆಂಡತಿ ಪಾಯಸ ಬಡಿಸುತ್ತಿರುವುದನ್ನು ಖಾತ್ರಿ ಮಾಡಿಕೊಂಡರು.

“ನೀನು ಶಾಂಘೈಗೆ ಹೋಗಿಲ್ಲ.”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಗ್ಲೆನ್ ತಲೆ ತಗ್ಗಿಸಿದ. ಇಲ್ಲ ಅಂಕಲ್ ಎಂದು ಎಲ್ಲವನ್ನೂ ಒಪ್ಪಿಕೊಂಡ, ವಿಮಾನ ನಿಲ್ದಾಣವನ್ನೂ, ಹವಲ್ಲಿಯ ಕೋಣೆಯನ್ನೂ. ವೆಲಿಟಾಳನ್ನು ಪ್ರೀತಿಸುವುದು ಮಾತ್ರ ಸುಳ್ಳಲ್ಲ ಎಂದ. ಕೊನೆಗೆ ತಡೆಯಲಾರದೆ ಕೇಳಿದ:

“ನಾನು ಹೋಗಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯಿತು?”

“ಆ ಒಕ್ಕಣ್ಣನನ್ನು ಹುಟ್ಟಿಸಿದ್ದೇ ನಾನು, ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ,” ಎಂದು ಮಥಾಯಸ್ ಅವನ ಹೆಗಲ ಮೇಲೆ ಕೈಯಿಟ್ಟರು. “ಎಲ್ಲರೂ ಊರು ನೋಡಲು ಇಳಿದರೆ ಉಳಿದವರಿಗೆ ಬೇಯಿಸುವವರು ಯಾರು ಮಾರಾಯಾ? ಒಂಬತ್ತು ಸಲ ಹೋದೆ, ಒಂದು ಸಲವೂ ಕೆಳಗೆ ಕಾಲಿಟ್ಟಿಲ್ಲ. ಮೂವತ್ತು ವರ್ಷದಲ್ಲಿ ಕಾರ್ಮೆಲ್ ನನ್ನನ್ನು ನಂಬಿದ್ದು ಇವತ್ತೇ. ಈಗ ಹೇಳು, ಮದುವೆ ಯಾವಾಗ ಇಡುವ?”